ಪುಟ್ಟಿಗೆ, ಆ ಒಂದು ಸಾಲಿನ ಬಗ್ಗೆ

ಪಾಂಡವಪುರ

ಚಿ. ಪುಟ್ಟಿಗೆ ಮಾವನ ಆಶೀರ್ವಾದಗಳು.

ನಿನ್ನ ಕಾಗದ ಬಂದು ಒಂಬತ್ತು ದಿನ ಆಯಿತು. ಮನೆಯ ಸುದ್ದಿಯೆಲ್ಲ ನಿಮ್ಮಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಅದು ಬೇಡ. ಜರ್ಮನಿಯಲ್ಲಿ ಹಿಟ್ಲರ್‌ನವರು ಕೈದಿಗಳನ್ನು ಕೂಡಿಹಾಕಿದ್ದ ಕ್ಯಾಂಪು, ಆ ಡಾಖಾವ್ ನೋಡಿಬಂದ ವಿಷಯ ನಾಲ್ಕು ಪುಟ ಬರೆದಿದ್ದೀಯ. ನಾನು ಕೊನೆಯ ಸಾಲಿನಲ್ಲೇ ಸಿಕ್ಕಿಕೊಂಡಿದ್ದೇನೆ. "ಫೋಟೋದಲ್ಲಿ ಕಾವಲಿನ ಹುಡುಗರು ನಗುತ್ತಾ ನಿಂತಿದ್ದಾರೆ, ನನ್ನದೇ ವಯಸ್ಸು. ಅಲ್ಲಿ ಹುಟ್ಟಿದ್ದರೆ ನಾನು ಯಾವ ಕಡೆ ನಿಂತಿರುತ್ತಿದ್ದೆ ಮಾವ?" ಅಂತ ಕೇಳಿದ್ದೀಯ. ರಾತ್ರಿ ನಿದ್ದೆ ಬರುತ್ತಿಲ್ಲ ಅಂತಲೂ ಬರೆದಿದ್ದೀಯ.

ನನಗೂ ಬರುತ್ತಿಲ್ಲ.

"ಹಾಗೆಲ್ಲ ಯೋಚಿಸಬೇಡ, ನೀನು ಒಳ್ಳೆಯ ಹುಡುಗಿ" ಅಂತ ಎರಡು ಸಾಲು ಬರೆದು ಅಂಚೆಗೆ ಹಾಕಬಹುದಿತ್ತು. ಬರೆದೂ ಇದ್ದೆ. ಹರಿದು ಹಾಕಿದೆ. ಮೂವತ್ತೆರಡು ವರ್ಷ ಜೈಲಿನ ಆಫೀಸಿನಲ್ಲಿ ಗುಮಾಸ್ತನಾಗಿದ್ದವನು ಆ ಮಾತು ಬರೆದರೆ ಸುಳ್ಳಾಗುತ್ತದೆ.

ಆ ಜಾಗದ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಯುದ್ಧದ ಮಧ್ಯೆ, ಜನಕ್ಕೆ ಹುಚ್ಚು ಹಿಡಿದಾಗ ಇದೆಲ್ಲ ಶುರುವಾಗಿರಬೇಕು ಅಂದುಕೊಂಡಿದ್ದೆ. 1933ರ ಮಾರ್ಚ್ 22ಕ್ಕೇ ಕೈದಿಗಳನ್ನು ತಂದಿದ್ದಾರಲ್ಲಮ್ಮ! ಹಿಟ್ಲರ್ ಕುರ್ಚಿ ಹತ್ತಿ ಎರಡು ತಿಂಗಳೂ ಆಗಿರಲಿಲ್ಲ. ಯುದ್ಧ ಇನ್ನೂ ಆರು ವರ್ಷ ದೂರ. ಹಳೆಯ ಮದ್ದಿನ ಕಾರ್ಖಾನೆಯಲ್ಲಿ 5,000 ಜನರನ್ನು ಇಡುತ್ತೇವೆ ಅಂತ ಮ್ಯೂನಿಕ್‌ನ ಪೇಪರಿನಲ್ಲೇ ಹಾಕಿಸಿದ್ದರು. ಊರಿನವರು ಕಾಫಿ ಕುಡಿಯುತ್ತಾ ಓದಿರುತ್ತಾರೆ. ಮೊದಲು ಕಾವಲಿಗೆ ಇದ್ದವರು ಮಾಮೂಲಿ ಪೊಲೀಸರು. ಏಪ್ರಿಲ್ 11ಕ್ಕೆ ಎಸ್‌ಎಸ್‌ನವರು, ಅಂದರೆ ಹಿಟ್ಲರ್‌ನ ಪಕ್ಷದ ಸ್ವಂತ ಪಡೆಯವರು, ಬಂದರು. ಮಾರನೆಯ ದಿನ ನಾಲ್ಕು ಜನ ಯಹೂದಿ ಕೈದಿಗಳನ್ನು ಕಾಡಿನ ಕಡೆ ಕರೆದುಕೊಂಡು ಹೋಗಿ ಗುಂಡು ಹೊಡೆದರು. ಮೂವರು ಅಲ್ಲೇ ಹೋದರು, ನಾಲ್ಕನೆಯವನು ಆಸ್ಪತ್ರೆಯಲ್ಲಿ ಕೆಲವು ದಿನ ನರಳಿ ಸತ್ತ. ಕಾಗದದಲ್ಲಿ ಏನು ಬರೆದರು ಗೊತ್ತಾ? "ತಪ್ಪಿಸಿಕೊಂಡು ಓಡುವಾಗ ಗುಂಡೇಟು."

ಆ ಮಾತು ಓದಿ ಕನ್ನಡಕ ತೆಗೆದಿಟ್ಟು ಹಿತ್ತಲಿಗೆ ಹೋಗಿ ನಿಂತೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನೀನು ನೂರ್ ಇನಾಯತ್ ಖಾನ್ ಹೆಸರಿನ ಫಲಕದ ಮುಂದೆ ಜಾಸ್ತಿ ಹೊತ್ತು ನಿಂತಿದ್ದೆ ಅಂತ ಬರೆದಿದ್ದೀಯ. ಒಳ್ಳೆಯದು ಮಾಡಿದೆ. ನಮ್ಮ ಶ್ರೀರಂಗಪಟ್ಟಣದ ಟಿಪ್ಪುವಿನ ವಂಶದವಳು. ಇಲ್ಲಿಂದ ಏಳೆಂಟು ಮೈಲಿ ದೂರದ ಕೋಟೆಯಲ್ಲಿ ಆಳಿದವನ ಸಂತತಿ, ಪ್ಯಾರಿಸ್‌ನಲ್ಲಿ ಬ್ರಿಟಿಷರಿಗಾಗಿ ಗುಟ್ಟಾಗಿ ವೈರ್‌ಲೆಸ್ ನಡೆಸಿ ಸಿಕ್ಕಿಬಿದ್ದಳು. ಫೋರ್ಟ್ಸ್‌ಹೈಮ್ ಅನ್ನುವ ಊರಿನ ಜೈಲಿನಲ್ಲಿ ತಿಂಗಳುಗಟ್ಟಲೆ ಒಂಟಿ ಕೋಣೆ, ಕೈಕಾಲಿಗೆ ಸರಪಳಿ. ಊಟದ ಡಬರಿಯ ತಳದಲ್ಲಿ ಗೀಚಿ ಬೇರೆ ಕೈದಿಗಳಿಗೆ ಸುದ್ದಿ ಮುಟ್ಟಿಸುತ್ತಿದ್ದಳಂತೆ. 1944ರ ಸೆಪ್ಟೆಂಬರ್ 13ರಂದು ಡಾಖಾವ್‌ನಲ್ಲಿ ಇನ್ನು ಮೂವರು ಹೆಂಗಸರ ಜೊತೆ ಕೊಂದರು. ಮೂವತ್ತು ವರ್ಷ ಅವಳಿಗೆ. ಎಲ್ಲರೂ ಅವಳ ಧೈರ್ಯದ ಬಗ್ಗೆ ಬರೆಯುತ್ತಾರೆ. ನನಗೆ ಬೇರೆಯೇ ಕಾಣುತ್ತದೆ, ನಾನಿದ್ದ ಜಾಗ ಅಂಥದ್ದು. ಆ ಸರಪಳಿಯ ಬೀಗದ ಕೈ ಅಷ್ಟೂ ತಿಂಗಳು ಯಾರದ್ದೋ ಸೊಂಟದಲ್ಲಿತ್ತು. ಡಬರಿಯನ್ನು ದಿನಾ ಯಾರೋ ತಂದಿಟ್ಟು ಹೋಗುತ್ತಿದ್ದರು. ಅವರೂ ಸಂಜೆ ಮನೆಗೆ ಹೋಗುತ್ತಿದ್ದರು, ಅಲ್ವಾ?

ನಿನ್ನ ಭಯ ಇದೇ. ಬೀಗದ ಕೈ ನಿನ್ನ ಸೊಂಟದಲ್ಲಿದ್ದಿದ್ದರೆ ಅಂತ.

ರುಡಾಲ್ಫ್ ಹೋಸ್ ಹೆಸರು ನೀನು ಬರೆದಿಲ್ಲ. ಆಮೇಲೆ ಆಶ್ವಿಟ್ಜ್ ಅನ್ನುವ ಇನ್ನೂ ದೊಡ್ಡ ಕೊಲ್ಲುವ ಕ್ಯಾಂಪಿಗೆ ಕಮಾಂಡೆಂಟ್, ಅಂದರೆ ಮುಖ್ಯಸ್ಥ, ಆದವನು. ಅವನು ಕೆಲಸ ಕಲಿತಿದ್ದು ನೀನು ನಡೆದಾಡಿ ಬಂದ ಡಾಖಾವ್‌ನಲ್ಲೇ, 1934ರಿಂದ. ಯುದ್ಧ ಮುಗಿದು ಪೋಲೆಂಡಿನ ಜೈಲಿನಲ್ಲಿದ್ದಾಗ ಅವನೇ ಬರೆದಿಟ್ಟಿದ್ದಾನೆ. ಮೊದಲ ಸಲ ಕೈದಿಗೆ 25 ಏಟು ಹೊಡೆಯುವುದನ್ನು ಸಾಲಿನಲ್ಲಿ ನಿಂತು ನೋಡಬೇಕಾಗಿ ಬಂದಾಗ, ಆ ಕೂಗು ಕೇಳಿ ಅವನಿಗೆ ಮೈಯೆಲ್ಲ ಬಿಸಿಯಾಗಿ ತಣ್ಣಗಾಯಿತಂತೆ. ಈ ಕೆಲಸ ತನಗೆ ಆಗದು ಅಂತಲೂ ಅನ್ನಿಸಿತಂತೆ. ಬಾಯಿಬಿಟ್ಟು ಹೇಳಲಿಲ್ಲ. ಮೆತ್ತನೆಯವನು ಅಂತ ಜೊತೆಯವರು ನಗುತ್ತಾರಲ್ಲ ಅಂತ ನಾಚಿಕೆ.

ಇದನ್ನು ಓದಿದ ಮೇಲೆ ನಿನಗೆ ಸಮಾಧಾನ ಹೇಳುವುದು ಇನ್ನೂ ಕಷ್ಟವಾಯಿತು. ಫೋಟೋ ನೋಡಿ ನಿನಗೆ ಕರುಳು ಕಿವುಚಿತು, ಸರಿ. ಅವನಿಗೂ ಕಿವುಚಿತ್ತು.

ಈಗ ನನ್ನದು ಹೇಳುತ್ತೇನೆ. ನಿಮ್ಮ ಅತ್ತೆಗೂ ಇದು ಗೊತ್ತಿಲ್ಲ.

1979. ನನಗೆ ಇಪ್ಪತ್ತಾರು. ಯಾವ ಊರಿನ ಜೈಲು ಅಂತ ಬೇಡ. ತೆಂಗಿನಕಾಯಿ ಕದ್ದ ಕೇಸಿನಲ್ಲಿ ಒಬ್ಬ ಹುಡುಗ ಬಂದಿದ್ದ, ವಿಚಾರಣೆಯೂ ಮುಗಿದಿರಲಿಲ್ಲ. ಸಾರು ನೀರುನೀರಾಗಿದೆ ಅಂತ ಎಲ್ಲರೆದುರು ಅಂದನಂತೆ. ಅಷ್ಟೇ. ರಾತ್ರಿ ಬ್ಯಾರಕ್ಕಿನಿಂದ ಹೊರಗೆ ಕರೆದರು. ಬೆಳಿಗ್ಗೆ ನಾನು ಆಫೀಸಿಗೆ ಬಂದಾಗ ಗೋಡೆಗೊರಗಿ ಕೂತಿದ್ದ. ಅಂಗಾಲು ಊದಿ ನೀಲಿಯಾಗಿತ್ತು. ಮೇಲಿನವರು ರಿಜಿಸ್ಟರ್ ನನ್ನ ಕಡೆ ತಳ್ಳಿ, "ಬರೆಯಪ್ಪ, ನಿನ್ನ ಅಕ್ಷರ ಚೆನ್ನಾಗಿದೆ" ಅಂದರು. "ಸ್ನಾನದ ತೊಟ್ಟಿಯ ಹತ್ತಿರ ಜಾರಿ ಬಿದ್ದು ಗಾಯ" ಅಂತ ಬರೆದೆ. ಜಾರಿ ಬಿದ್ದರೆ ಅಂಗಾಲು ಊದುತ್ತದೆಯೇನಮ್ಮ?

ನನ್ನ ಕೆಲಸ ಹೋಗುತ್ತಿರಲಿಲ್ಲ. ಹೆಚ್ಚೆಂದರೆ ದೂರದ ಊರಿಗೆ ಎತ್ತಿ ಹಾಕುತ್ತಿದ್ದರು. ನಲವತ್ತು ವರ್ಷ "ಹೆಂಡತಿ ಬಸುರಿ, ಕೆಲಸ ಹೊಸದು" ಅಂತ ನನಗೆ ನಾನೇ ಹೇಳಿಕೊಂಡಿದ್ದೆ. ಹೋಸ್‌ನ ಮಾತು ಓದಿದ ಮೇಲೆ ಅದೂ ಉಳಿಯಲಿಲ್ಲ. ಅಲ್ಲಿ ನಿಂತಿದ್ದ ವಾರ್ಡರ್‌ಗಳು ನನ್ನನ್ನು ನೋಡಿ ನಗುತ್ತಾರೆ ಅನ್ನಿಸಿತ್ತು. ನಿಜ ಅಷ್ಟೇ.

ಡಾಖಾವ್‌ನಲ್ಲಿ 2 ಲಕ್ಷಕ್ಕೂ ಹೆಚ್ಚು ಜನರನ್ನು ಹಾಕಿದ್ದರು, 41,000ಕ್ಕೂ ಹೆಚ್ಚು ಜನ ಸತ್ತರು ಅಂತ ಬರೆದಿದ್ದೀಯ. ನೀನು ಆ ಲೆಕ್ಕ ನೋಡಿದಾಗ ನಿನಗೆ ಮುಖಗಳು ಕಂಡವಂತೆ. ನನಗೆ ಪುಸ್ತಕಗಳು ಕಾಣುತ್ತವೆ. ದಪ್ಪ ರಟ್ಟಿನವು. ಒಬ್ಬೊಬ್ಬರಿಗೆ ಒಂದೊಂದು ಸಾಲು ಬರೆಯಲು ಯಾರೋ ಕೂತಿದ್ದರು.

ಅದಕ್ಕೇ ಇನ್ನೊಬ್ಬನ ಬಗ್ಗೆ ಹೇಳಬೇಕು. ಯೋಸೆಫ್ ಹಾರ್ಟಿಂಗರ್. ಮ್ಯೂನಿಕ್‌ನಲ್ಲಿ ಸರ್ಕಾರಿ ವಕೀಲ, ನಲವತ್ತರ ಹತ್ತಿರದ ವಯಸ್ಸು. ಆ ನಾಲ್ಕು ಜನರ ವಿಷಯ ಕಿವಿಗೆ ಬಿದ್ದಾಗ ಕ್ಯಾಂಪಿಗೇ ಹೋಗಿ ನೋಡಿದ. ಓಡುವಾಗ ಹೊಡೆದದ್ದು ಅನ್ನುವ ಮಾತು ನಂಬಲಿಲ್ಲ. ಆಮೇಲೂ ಒಂದರ ಹಿಂದೊಂದು ಸಾವು. ಆತ್ಮಹತ್ಯೆ ಅಂತ ಕ್ಯಾಂಪಿನವರು ಬರೆದರೆ, ಅವನ ಜೊತೆಯ ಡಾಕ್ಟರ್ ಫ್ಲಾಮ್ ಹೆಣ ಕೊಯ್ದು ನೋಡಿ ಹೊಡೆತದಿಂದ, ಕತ್ತು ಹಿಸುಕಿದ್ದರಿಂದ ಅಂತ ಬರೆದ. ಹಾರ್ಟಿಂಗರ್ ಎಲ್ಲ ಸೇರಿಸಿ ಫೈಲು ಮಾಡಿದ. ಕಮಾಂಡೆಂಟ್ ವೆಕರ್ಲೆಯ ಹೆಸರನ್ನೂ ಬಿಡಲಿಲ್ಲ.

ಕೇಸು ಕೋರ್ಟಿಗೆ ಹೋಗಲಿಲ್ಲ. ಮೇಲಿನವರು ಅದುಮಿಟ್ಟರು. ವೆಕರ್ಲೆಯನ್ನು ತೆಗೆದರು, ಅವನ ಜಾಗಕ್ಕೆ ಐಕೆ ಅನ್ನುವ ಇನ್ನೊಬ್ಬ ಎಸ್‌ಎಸ್‌ನವನು ಬಂದ. ಏಟಿಗೆ, ಒಂಟಿ ಕೋಣೆಗೆ, ಕೊಲ್ಲುವುದಕ್ಕೆ ಅವನು ರೂಲ್ಸ್ ಪುಸ್ತಕವನ್ನೇ ಮಾಡಿದ. ಅದೇ ಪದ್ಧತಿ ಬೇರೆ ಕ್ಯಾಂಪುಗಳಿಗೂ ಹೋಯಿತು. ಹಾಗಾಗಿ ಹಾರ್ಟಿಂಗರ್ ಎಲ್ಲರನ್ನೂ ಉಳಿಸಿದ ಅಂತ ನಾನು ಹೇಳಲಾರೆ. ಆ ಕಾಗದಗಳು ಮಾತ್ರ ಉಳಿದವು. ಯುದ್ಧವಾದ ಮೇಲೆ ಸಿಕ್ಕವು, ಹಿಟ್ಲರ್‌ನ ಕಡೆಯ ದೊಡ್ಡವರ ಮೇಲೆ ನ್ಯೂರೆಂಬರ್ಗ್‌ನಲ್ಲಿ ನಡೆದ ವಿಚಾರಣೆಯಲ್ಲಿ ಅವನ್ನು ಮುಂದಿಟ್ಟರು.

ಅವನೂ ಪೆನ್ನು ಹಿಡಿದವನೇ. ನನ್ನ ಹಾಗೆ. ಎಷ್ಟು ಸಲ ಅಂದುಕೊಂಡೆನೋ ಈ ಒಂಬತ್ತು ದಿನದಲ್ಲಿ.

ನಿನ್ನ ಪ್ರಶ್ನೆಗೆ ಉತ್ತರ ನನಗೆ ಸಿಕ್ಕಿಲ್ಲ ಪುಟ್ಟಿ. ನಾನು ಯಾವ ಕಡೆ ನಿಂತಿದ್ದೆ ಅನ್ನುವುದು ಗೊತ್ತು, ನಿನ್ನದು ಗೊತ್ತಿಲ್ಲ. ನನಗೆ ಯಾರೂ ಬಂದೂಕು ಕೊಟ್ಟಿರಲಿಲ್ಲ, ಅದಕ್ಕೇ ನಾನು ಈ ಕಡೆಯವನು ಅಂದುಕೊಂಡು ಸುಮ್ನೆ ಇದ್ದುಬಿಟ್ಟೆ. ಇಪ್ಪತ್ತಾರರಲ್ಲಿ ನಿನ್ನ ಹಾಗೆ ಕೇಳಿಕೊಂಡಿದ್ದರೆ ಆ ಬೆಳಿಗ್ಗೆ ಕೈ ಸ್ವಲ್ಪ ತಡೆಯುತ್ತಿತ್ತೇನೋ. ತಡೆಯುತ್ತಿತ್ತು ಅಂತ ಗಟ್ಟಿಯಾಗಿ ಹೇಳಲೂ ಧೈರ್ಯವಿಲ್ಲ.

ಬುದ್ಧಿ ಹೇಳುವ ಯೋಗ್ಯತೆ ನನಗಿದೆಯೋ ಇಲ್ಲವೋ. ಆದರೂ, ನೀನು ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರುವವಳು. ನೋಡದೇ ಇದ್ದದ್ದನ್ನು ನೋಡಿದೆ ಅಂತ ಬರೆಯಬೇಡ. ಬರೆಯಲೇಬೇಕಾಗಿ ಬಂದರೆ ಒಂದು ದಿನ ತಡಮಾಡು, ಯಾರಿಗಾದರೂ ಫೋನ್ ಮಾಡು. ನನಗೇ ಮಾಡು. ಜೊತೆಯವರು ನಕ್ಕರೆ ಅದು ಒಂದು ವಾರ ಇರುತ್ತದೆ, ಅಷ್ಟೇ. ಇನ್ನೇನು ಹೇಳಲಿ. ರಾತ್ರಿ ಆ ಫೋಟೋಗಳನ್ನು ನೋಡಬೇಡ, ಹಗಲು ನೋಡು. ಹೊಟ್ಟೆ ತುಂಬ ಊಟ ಮಾಡು.

ಇನ್ನೊಂದು ಸಲ ಆ ಕಡೆ ಹೋದರೆ ಹೆಬರ್ಟ್ಸ್‌ಹೌಸನ್‌ಗೂ ಹೋಗಿ ಬಾ. ಕ್ಯಾಂಪಿನ ಹತ್ತಿರವೇ ಇದೆ. 1941–42ರಲ್ಲಿ 4,000ಕ್ಕೂ ಹೆಚ್ಚು ಸೋವಿಯತ್ ಯುದ್ಧ ಕೈದಿಗಳನ್ನು ಅಲ್ಲಿಯ ಗುಂಡು ಹೊಡೆಯುವ ಮೈದಾನದಲ್ಲಿ ನಿಲ್ಲಿಸಿ ಕೊಂದರು. ಅವರನ್ನು ಕ್ಯಾಂಪಿನ ಪುಸ್ತಕಕ್ಕೂ ಸೇರಿಸಿಕೊಳ್ಳಲಿಲ್ಲ. ಈಗ ಸಿಕ್ಕಿದಷ್ಟು ಹೆಸರು ಹುಡುಕಿ ಅಲ್ಲಿ ಬರೆಸಿದ್ದಾರೆ. ನಾಲ್ಕು ಹೆಸರಾದರೂ ಗಟ್ಟಿಯಾಗಿ ಓದು, ನನ್ನ ಲೆಕ್ಕದಲ್ಲಿ.

ಒಂದು ಬಿಟ್ಟಿದ್ದೆ. ಆ ಹುಡುಗ ಬದುಕಿದ, ಜಾಮೀನಿನ ಮೇಲೆ ಹೋದ. ಹೋಗುವ ಮೊದಲು ಅವನ ತಾಯಿ ಬಂದಿದ್ದಳು, ಕೈಯಲ್ಲಿ ಪುರಿ ಪೊಟ್ಟಣ. ಮಗ ಕುಂಟುವುದನ್ನು ನೋಡಿ ನನ್ನ ಕಿಟಕಿಗೆ ಬಂದು, "ಸ್ವಾಮೀ, ನನ್ನ ಮಗ ಹೆಂಗೆ ಬಿದ್ದ?" ಅಂದಳು. ನಾನು ಬಾಯಲ್ಲಿ ಹೇಳಲಿಲ್ಲ. ರಿಜಿಸ್ಟರ್ ತಿರುಗಿಸಿ ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ. ಅವಳಿಗೆ ಓದಲು ಬರುತ್ತಿರಲಿಲ್ಲ. ಸ್ವಲ್ಪ ಹೊತ್ತು ಅಕ್ಷರ ನೋಡಿ, ಕೈಮುಗಿದು ಹೋದಳು.

ಈ ಕಾಗದವನ್ನು ನಿಮ್ಮಮ್ಮನಿಗೆ ಓದಿ ಹೇಳಬೇಕು ಅನ್ನಿಸಿದರೆ ಹೇಳು. ಅತ್ತೆಗೆ ನಾನೇ ಹೇಳುತ್ತೇನೆ, ಈ ವಾರದೊಳಗೆ.

ಇಂತಿ
ನಿನ್ನ ಮಾವ