ದಾಳ ಉರುಳಿಸಿ ಕಲಿಸಿದ ದ್ವೇಷ

ಮಾನ್ಯರೇ,

ಪ್ರಚಾರವೆಂದರೆ ಭಾಷಣ, ಭಿತ್ತಿಪತ್ರ ಅಷ್ಟೇ ಎಂದುಕೊಂಡರೆ ತಪ್ಪು. 1938ರಲ್ಲಿ ಜರ್ಮನಿಯ ಡ್ರೆಸ್ಡೆನ್‌ನ ಕಂಪನಿಯೊಂದು ‘ಯೂದೆನ್ ರೌಸ್’, ಅಂದರೆ ‘ಯಹೂದಿಗಳೇ ಹೊರಗೆ’ ಎಂಬ ಆಟವನ್ನು ಮಾರಾಟಕ್ಕಿಟ್ಟಿತು. ಬಣ್ಣದ ಹಾಸಿನ ಮೇಲೆ ಕೋಟೆಗೋಡೆಯ ಊರು, ಒಳಗೆ ವೃತ್ತಗಳಲ್ಲಿ ಯಹೂದಿಗಳ ಅಂಗಡಿಗಳು. ದಾಳ ಬಿದ್ದಷ್ಟು ಮನೆ ಕಾಯಿ ನಡೆಸಬೇಕು. ಅಂಗಡಿ ಮುಟ್ಟಿದರೆ ಅಲ್ಲಿನ ಚೂಪು ಟೋಪಿಯನ್ನು ಕಾಯಿಯ ತಲೆಗೆ ಸಿಕ್ಕಿಸಿ ಗೋಡೆಯಾಚೆ ಸಾಗಿಸಬೇಕು. ಆ ಟೋಪಿಯ ಮೇಲೆ ವಿಕಾರ ಮಾಡಿ ಬರೆದ ಮುಖ. ಮೊದಲು 6 ಟೋಪಿ ಹೊರಹಾಕಿದವರಿಗೆ ಗೆಲುವು.

ಕೈಚಳಕ ಇರುವುದು ಇಲ್ಲೇ. ಮಗುವಿನ ಗಮನವೆಲ್ಲ ಮನೆ ಎಣಿಸುವುದರಲ್ಲಿ. ಜನರನ್ನು ಊರು ಬಿಡಿಸುವುದು ಸರಿಯೇ ಎಂಬ ಪ್ರಶ್ನೆ ಏಳುವುದೇ ಇಲ್ಲ. ಅದು ಆಟದ ನಿಯಮವಾಗಿಬಿಟ್ಟಿದೆ. ನಾಜಿಗಳ ಅರೆಸೇನಾ ಪಡೆಯಾದ ಎಸ್‌ಎಸ್‌ನ ಪತ್ರಿಕೆಯೇ ಇದನ್ನು ಟೀಕಿಸಿತ್ತು, ದ್ವೇಷ ಹರಡಿತೆಂದಲ್ಲ, ತಮ್ಮ ನೀತಿಯನ್ನು ದಾಳದಾಟಕ್ಕೆ ಇಳಿಸಿತೆಂದು.

ಮಕ್ಕಳ ಮೊಬೈಲಿಗೆ ಹೊಸ ಆಟ ಬಂದಾಗ ಪೋಷಕರು ಚಿತ್ರದ ಅಂದಕ್ಕಿಂತ ಮೊದಲು ಗೆಲ್ಲುವ ನಿಯಮ ಓದಲಿ: ಅಂಕ ಯಾವುದಕ್ಕೆ, ಹೊರದಬ್ಬುವುದು ಯಾರನ್ನು?

– ಇತಿಹಾಸ ಶಿಕ್ಷಕರು, ಧಾರವಾಡ