ಭಾವನಿಗೆ, ಮತ್ತು ಬರಿಗಾಲಲ್ಲಿ ಡ್ರಮ್ಸ್ ಬಾರಿಸುವ ಆ ಅಜ್ಜನಿಗೆ

ಮೊನ್ನೆ ಭಾನುವಾರ ಡ್ರಮ್ಸ್ ಮುಂದೆ ಕೂತು ಒಂದು ಹಾಡು ಪೂರ್ತಿ ಬಾರಿಸಿದೆ. ನಾಲ್ಕು ನಿಮಿಷ, ಮೇಲೊಂದಿಷ್ಟು ಸೆಕೆಂಡು. ಯಾವ ಹಾಡು ಅಂತ ನನ್ನನ್ನು ಬಲ್ಲವರು ಕೇಳುವುದೇ ಇಲ್ಲ: ಬ್ರಿಟನ್ನಿನ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್‌ನ ‘ದಿ ಟ್ರೂಪರ್’. ಚೆನ್ನಾಗಿ ಬಂತಾ ಅಂದರೆ, ಇಲ್ಲ. ಆದರೆ ಶುರು ಮಾಡಿದ್ದು ಮುಗಿಯಿತು. ಐದು ತಿಂಗಳ ಹಿಂದೆ ಇದೇ ಬಲಗೈಯಲ್ಲಿ ಇಡ್ಲಿ ಮುರಿಯಲು ಆಗುತ್ತಿರಲಿಲ್ಲ.

ಆಗಸ್ಟ್‌ನಲ್ಲಿ ನನಗೆ ಸ್ಟ್ರೋಕ್ ಆಗಿದ್ದು, ಸ್ಕ್ಯಾನ್‌ನಲ್ಲಿ ಏನು ಬಂತು, ಡಾಕ್ಟರು ಏನಂದರು, ಇದೆಲ್ಲ ನಿಮಗೆ ಗೊತ್ತು. ಅರ್ಧ ಜನ ಬಂದು ನೋಡಿಕೊಂಡೇ ಹೋಗಿದ್ದೀರಿ. ಅದನ್ನು ಮತ್ತೆ ಹೇಳಲ್ಲ. ಥ್ಯಾಂಕ್ಸ್ ಹೇಳುವುದು ಬಾಕಿ ಇತ್ತು, ಅದಕ್ಕೆ ಈ ಬರಹ. ಎಡಗೈ ಹೆಬ್ಬೆರಳಲ್ಲಿ ಟೈಪ್ ಮಾಡುತ್ತಿದ್ದೇನೆ. ಒತ್ತಕ್ಷರ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಆಫೀಸಿನವರಿಗೆ, ಎರಡು ತಿಂಗಳು ತಪ್ಪದೆ ತಿಳಿಸಾರು ಕಳಿಸಿದ ಮೇಲಿನ ಮನೆ ಆಂಟಿಗೆ, ಕೇಳುವ ಮುಂಚೆ ಕಾರಿನ ಕೀ ಕೊಟ್ಟವನಿಗೆ, ನನ್ನ ಕೋಪ ಸಹಿಸಿಕೊಂಡ ಫಿಸಿಯೋ ಮೇಡಂಗೆ, ಬೇರೆ ಡ್ರಮ್ಮರ್ ಹುಡುಕದೆ ಕಾದ ಬ್ಯಾಂಡಿನ ಮೂವರಿಗೆ ತುಂಬಾ ಥ್ಯಾಂಕ್ಸ್. ಹುಡುಕಿದ್ದರೂ ನನಗೆ ಬೇಜಾರಾಗುತ್ತಿರಲಿಲ್ಲ. ಸುಳ್ಳು, ಆಗುತ್ತಿತ್ತು. ಹೆಂಡತಿಗೆ ಇಲ್ಲಿ ಥ್ಯಾಂಕ್ಸ್ ಬರೆದರೆ “ಊರಿಗೆಲ್ಲ ಡಂಗುರ ಹೊಡೀಬೇಕಾ” ಅಂತ ಬೈಯುತ್ತಾಳೆ. ಅವಳ ಲೆಕ್ಕ ಮನೆಯಲ್ಲೇ ಇರಲಿ.

ಉಳಿದದ್ದೆಲ್ಲ ಇಬ್ಬರ ಪಾಲು. ಒಬ್ಬರು ನಮ್ಮ ಭಾವ, ತಿಪಟೂರಿನ ಕಡೆ ತೆಂಗಿನ ತೋಟ ನೋಡಿಕೊಂಡಿರುವವರು. ಇನ್ನೊಬ್ಬರು ನಿಕೋ ಮೆಕ್‌ಬ್ರೈನ್, ಲಂಡನ್ನಿನಲ್ಲಿ ಹುಟ್ಟಿದ, ಐರನ್ ಮೇಡನ್‌ನಲ್ಲಿ ಬಾರಿಸುತ್ತಿದ್ದ ಡ್ರಮ್ಮರ್. ಭಾವನಿಗೆ ಆ ಹೆಸರು ಇವತ್ತಿಗೂ ಬಾಯಿಗೆ ಬರಲ್ಲ. “ಆ ಅಜ್ಜ” ಅನ್ನುತ್ತಾರೆ.

ಅಜ್ಜನಿಂದ ಶುರು ಮಾಡುತ್ತೇನೆ. ಅಲ್ಲೊಂದು ತಪ್ಪೊಪ್ಪಿಗೆ ಇದೆ.

2007ರ ಮಾರ್ಚ್ 17. ಬೆಂಗಳೂರು ಅರಮನೆ ಮೈದಾನ. ಐರನ್ ಮೇಡನ್ ಮೊದಲ ಸಲ ಇಂಡಿಯಾಕ್ಕೆ ಬಂದಿದ್ದು, ಅದೂ ನಮ್ಮೂರಿಗೆ. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಕಾಪಿ ಮಾಡಿಸಿಕೊಂಡು ಕೇಳಿ ಬೆಳೆದ ನಮಗೆ ಅದು ಎಂಥ ದಿನ ಅಂತ ಈಗಿನ ಹುಡುಗರಿಗೆ ಹೇಳಿ ಪ್ರಯೋಜನವಿಲ್ಲ. ಗಂಟಲಿಗೆಲ್ಲ ಧೂಳು. ನಾನು ಇಡೀ ಹೊತ್ತು ಹುಡುಕಿದ್ದು ಒಬ್ಬರನ್ನೇ, ಅವರು ಕಾಣಿಸಲೇ ಇಲ್ಲ! ನಿಕೋ ಅವರ ಡ್ರಮ್ ಸೆಟ್ಟು ಒಂದು ಕೋಟೆ ಇದ್ದ ಹಾಗೆ. ಸುತ್ತ ಟಾಮ್‌ಗಳು, ಮೇಲೆ ಸಿಂಬಲ್‌ಗಳು, ನಡುವೆ ಆಗಾಗ ಸ್ಟಿಕ್ಕಿನ ತುದಿ. ಒಳಗೆ ಬರಿಗಾಲಲ್ಲಿ, ಒಂದೇ ಪೆಡಲ್ ತುಳಿದು ಅಷ್ಟೆಲ್ಲ ಸದ್ದು. ಅವತ್ತು ತಂದ ಟೀ ಶರ್ಟಿನ ಮೇಲಿರುವ ಎಡ್ಡಿಯ (ಬ್ಯಾಂಡಿನ ಗುರುತಾದ ಪಿಶಾಚಿಯಂಥ ಬೊಂಬೆ) ಮುಖ ನೋಡಿ ಅಮ್ಮ ಅದನ್ನು ತುಳಸಿಕಟ್ಟೆ ಎದುರು ಒಣಹಾಕಲು ಇವತ್ತಿಗೂ ಬಿಟ್ಟಿಲ್ಲ. 2009ರಲ್ಲಿ ಅವರು ಮತ್ತೆ ಬಂದಾಗಲೂ ಹೋಗಿದ್ದೆ. ಆಗಲೂ ಸ್ಟಿಕ್ಕಿನ ತುದಿಯೇ ದರ್ಶನ.

ಈಗ ತಪ್ಪು. 2023ರ ಮೇ ಕೊನೆಯಲ್ಲಿ ಸ್ಲೊವೇನಿಯಾದಲ್ಲಿ ಅವರ ಹೊಸ ಟೂರ್ ಶುರುವಾಯಿತು. ವಿಡಿಯೋಗಳು ಬಂದವು. ‘ದಿ ಟ್ರೂಪರ್’ನಲ್ಲಿ ಗಡಗಡ ಉರುಳಿ ಬರಬೇಕಿದ್ದ ಫಿಲ್‌ಗಳು, ಅಂದರೆ ಸಾಲುಗಳ ನಡುವೆ ತುಂಬುವ ಉರುಳಿಕೆಗಳು, ಇಲ್ಲ. ಆ ಜಾಗದಲ್ಲಿ ಸಾದಾ ಪೆಟ್ಟು. ನಾನು ನಮ್ಮ ಬ್ಯಾಂಡಿನ ಗ್ರೂಪಿಗೆ ಬರೆದೆ: “ಅಜ್ಜನಿಗೆ ವಯಸ್ಸಾಯ್ತು, ದುಡ್ಡಿಗೋಸ್ಕರ ಎಳೀತಿದ್ದಾರೆ.” ಕೊನೆಗೆ ಒಂದು ನಗುವ ಮುಖ ಬೇರೆ. ಆಗಸ್ಟ್‌ನಲ್ಲಿ ಅವರೇ ಹೇಳಿಕೊಂಡರು. ಜನವರಿಯಲ್ಲಿ ಸ್ಟ್ರೋಕ್ ಆಗಿತ್ತಂತೆ. ಬಲಭಾಗ ಭುಜದಿಂದ ಕೆಳಗೆ ಸ್ವಾಧೀನ ತಪ್ಪಿತ್ತಂತೆ. ಹತ್ತು ವಾರ ಬಿಡದೆ ಥೆರಪಿ ಮಾಡಿ ರಿಹರ್ಸಲ್‌ಗೆ ಬಂದು ಕೂತಿದ್ದರು. ಆಗವರಿಗೆ 70 ವರ್ಷ. ನೂರಕ್ಕೆ 70ರಷ್ಟು ವಾಪಸು ಬಂದಿದ್ದೇನೆ ಅಂದಿದ್ದರು. ಆ ಫಿಲ್‌ಗಳು ಉಳಿದ 30ರಲ್ಲಿ ಹೋಗಿದ್ದವು.

ಇನ್ನೊಂದು ವಿಷಯ ಆಮೇಲೆ ಚುಚ್ಚಿತು. ‘ದಿ ಟ್ರೂಪರ್’ ಇರುವುದು 1983ರ ‘ಪೀಸ್ ಆಫ್ ಮೈಂಡ್’ ಆಲ್ಬಮ್ಮಿನಲ್ಲಿ. ನಿಕೋ ಬ್ಯಾಂಡಿಗೆ ಸೇರಿದ ಮೇಲಿನ ಮೊದಲ ಆಲ್ಬಮ್ ಅದು. ಅಂದರೆ ಆ ಫಿಲ್‌ಗಳು ಅವರದ್ದೇ ಕೈ ಹುಟ್ಟಿಸಿದ್ದು. ನಲವತ್ತು ವರ್ಷ ಊರೂರಲ್ಲಿ ಬಾರಿಸಿದ್ದನ್ನು, ಅದು ಬಾಯಿಪಾಠ ಬರುವ ಸಾವಿರಾರು ಜನರ ಎದುರು ಬಿಟ್ಟು ಬಾರಿಸುವುದು ಅಂದರೆ ಏನು ಅಂತ ನನಗೆ ಆಗ ಗೊತ್ತಿರಲಿಲ್ಲ. ಗ್ರೂಪಿನಿಂದ ಮೆಸೇಜ್ ಡಿಲೀಟ್ ಮಾಡಿದೆ, ಅಷ್ಟೇ.

ಇನ್ನು ಭಾವ.

ಭಾವನಿಗೂ ರಾಕ್ ಸಂಗೀತಕ್ಕೂ ಇರುವ ಸಂಬಂಧ ಇಷ್ಟೇ: ನಮ್ಮ ಮನೆಗೆ ಬಂದಾಗಲೆಲ್ಲ “ಆ ತಗಡು ಬಡಿಯೋದು ಸ್ವಲ್ಪ ನಿಲ್ಸಪ್ಪಾ” ಅನ್ನುತ್ತಿದ್ದರು. ಊರಿನ ಭಜನೆ ಮೇಳದಲ್ಲಿ ಅವರದ್ದು ತಾಳ. ಧನುರ್ಮಾಸದಲ್ಲಿ ನಸುಕಿನ ಚಳಿಯಲ್ಲಿ ಮಫ್ಲರ್ ಸುತ್ತಿಕೊಂಡು ಹೋಗಿ ತಾಳ ಹಾಕುತ್ತಾರೆ, ಹಾಡುವುದಿಲ್ಲ. ಸುದ್ದಿ ಗೊತ್ತಾದ ದಿನ ಒಂದು ಕೈಚೀಲ ಹಿಡಿದುಕೊಂಡು ಬಂದವರು ಹನ್ನೊಂದು ರಾತ್ರಿ ಉಳಿದರು. ಹಗಲು ಹೆಂಡತಿ, ರಾತ್ರಿ ಭಾವ. ಮಂಚದ ಪಕ್ಕ ನೆಲದ ಮೇಲೆ ಚಾಪೆ, ತಲೆಗೆ ಆ ಕೈಚೀಲವೇ ದಿಂಬು.

ಮೂರನೇ ರಾತ್ರಿ. ಗಂಟೆ ಎರಡೂವರೆ ಇರಬೇಕು. ಹೊದಿಕೆಯೊಳಗೆ ಬಲಗೈಗೆ ಹೇಳುತ್ತಿದ್ದೆ: ಒಂದು, ಎರಡು, ಮೂರು, ನಾಲ್ಕು. ಹಾಡು ಶುರು ಮಾಡುವ ಮುಂಚೆ ಸ್ಟಿಕ್ ತಟ್ಟಿ ಎಣಿಸುತ್ತೇವಲ್ಲ, ಹಾಗೆ. ಕೈ ಬೇರೆ ಯಾರದ್ದೋ ಆಗಿತ್ತು. ಮತ್ತೆ ಎಣಿಸಿದೆ. ಎಷ್ಟು ಸಲ ಅಂತ ನೆನಪಿಲ್ಲ. ಆಮೇಲೆ ಅಳು ಬಂತು. ಅಳುವುದಕ್ಕೂ ಮುಖದ ಅರ್ಧ ಭಾಗವೇ ಬರುತ್ತಿತ್ತು. ಅದು ಗೊತ್ತಾಗಿ ಇನ್ನೂ ಜಾಸ್ತಿ ಅಳು. “ಸಾಕು ಭಾವ, ನನಗೆ ಬೇಡ ಇದು” ಅಂತ ಹೇಳಲು ಹೋದೆ. ಬಾಯಿಂದ ಬಂದದ್ದು ಬೇರೇನೋ ಸದ್ದು. ಆ ಹೊತ್ತಿನಲ್ಲಿ ಕಿಟಕಿಯವರೆಗೆ ನಡೆಯುವ ಶಕ್ತಿ ಇದ್ದಿದ್ದರೆ ಈ ಬರಹ ಇರುತ್ತಿರಲಿಲ್ಲ. ಮನೆಯವರಿಗೂ ಇದನ್ನು ಇಷ್ಟು ಬಿಡಿಸಿ ಹೇಳಿಲ್ಲ. ಈಗ ಓದಿ ಬೈಯಬೇಡಿ.

ಭಾವ ಎದ್ದು ಕೂತರು. ಎಲ್ಲ ಸರಿಹೋಗುತ್ತೆ ಅನ್ನಲಿಲ್ಲ. ದೇವರಿದ್ದಾನೆ ಅಂತಲೂ ಅನ್ನಲಿಲ್ಲ. ಸ್ಟೂಲ್ ಎಳೆದುಕೊಂಡು, ನನ್ನ ಬಲಗೈಯನ್ನು ಹೊದಿಕೆಯಿಂದ ತೆಗೆದು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಅಂಗೈ ಮೇಲೆ ಎರಡು ಬೆರಳಲ್ಲಿ ತಟ್ಟಲು ಶುರು ಮಾಡಿದರು. ಭಜನೆಯ ತಾಳ. ಒಂದೇ ಸಮ, ನಿಧಾನ. ಕಂಬಳಿ ಹೊದ್ದವನ ಬೆನ್ನಿಗೆ ಮಳೆಹನಿ ಬಿದ್ದಂತೆ ಎಲ್ಲೋ ದೂರದಲ್ಲಿ ಗೊತ್ತಾಗುತ್ತಿತ್ತು. ಪಕ್ಕದ ಮಂಚದವರು ಕೆಮ್ಮಿದರು, ನರ್ಸ್ ಬಂದು ಹೋದರು, ಇವರು ನಿಲ್ಲಿಸಲಿಲ್ಲ. ಬೆಳಿಗ್ಗೆ ಫ್ಲಾಸ್ಕಿನ ಕಾಫಿಯವನು ಬರುವವರೆಗೂ ತಟ್ಟಿದರು. ಆಮೇಲೆ ಒಂದು ಕಾಫಿ ಕುಡಿದು, ಏನೂ ಆಗಿಲ್ಲ ಅನ್ನೋ ಥರ ಹಲ್ಲುಜ್ಜಲು ಹೋದರು.

ಮರುದಿನ ನನ್ನ ಮಗಳ ಹತ್ತಿರ ಹೇಳಿ ತಮ್ಮ ಫೋನಿಗೆ “ಅಪ್ಪನ ಆ ಪಿಶಾಚಿ ಹಾಡು” ಹಾಕಿಸಿಕೊಂಡರು. ಒಂದು ಇಯರ್‌ಫೋನ್ ನನ್ನ ಎಡಕಿವಿಗೆ, ಇನ್ನೊಂದು ಅವರ ಕಿವಿಗೆ. ಮುಖ ಹಿಂಡಿಕೊಂಡು ಕೇಳಿ, “ಬಡಿಯೋರು ಯಾರು?” ಅಂದರು. ತೊದಲುತ್ತಾ ನಿಕೋ ಕತೆ ಹೇಳಿ ಮುಗಿಸಲು ಎರಡು ದಿನ ಹಿಡಿಯಿತು. ಆಮೇಲೆ ಇಡೀ ವಾರ್ಡಿಗೆ ಅದೇ ಕತೆ. “ಲಂಡನ್‌ನಾಗೆ ಒಬ್ಬ ಅಜ್ಜ ಇದಾನೆ, ಲಕ್ವ ಹೊಡೆದು ಹತ್ತೇ ವಾರಕ್ಕೆ ಡ್ರಮ್ಮು ಬಡಿಯಕ್ಕೆ ಕೂತ.” ಅವರು ಈಗ ಇರುವುದು ಫ್ಲೋರಿಡಾದಲ್ಲಿ ಅಂತ ನಾನು ತಿದ್ದಲು ಹೋಗಲಿಲ್ಲ.

ಆದರೆ ಹತ್ತು ವಾರ ಅನ್ನೋದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಕ್ಯಾಲೆಂಡರಿನಲ್ಲಿ ಗುರುತು ಮಾಡಿದ್ದೆ. ಹನ್ನೊಂದನೇ ವಾರ ಬಂತು, ಅಂಗಿ ಗುಂಡಿ ಹಾಕಲೂ ಆಗುತ್ತಿರಲಿಲ್ಲ. ಫೋನಿನಲ್ಲಿ ಭಾವನ ಮೇಲೆ ರೇಗಿದೆ. ಆ ಅಜ್ಜನ ಕತೆ ಇನ್ನು ಯಾರಿಗೂ ಹೇಳಬೇಡಿ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: “ಅಜ್ಜ ಮೊದಲಿನ ಹಂಗೇ ಎಲ್ಲಾನೂ ಬಡಿತಿದ್ನಾ?”

“ಇಲ್ಲ. ಉರುಳಿಸೋದು ಬಿಟ್ಟು ಬಾರಿಸ್ತಿದ್ರು.”

“ಮತ್ತೆ?”

ಅಷ್ಟೇ. ಆಮೇಲೆ ತೆಂಗಿಗೆ ನುಸಿ ಬಿದ್ದ ವಿಷಯ ಮಾತಾಡಿದರು.

ಡಿಸೆಂಬರ್‌ನಲ್ಲಿ ಅವರೆಕಾಯಿ ಬಂತು. ಅಮ್ಮ ಒಂದು ಬೋಗುಣಿ ನೆನೆಸಿದ ಕಾಳು ತಂದು ಮುಂದಿಟ್ಟರು, ಹಿತುಕು ಅಂತ. ಹೆಬ್ಬೆರಳು, ತೋರುಬೆರಳು. ಸ್ಟಿಕ್ ಹಿಡಿಯುವುದೂ ಅದೇ ಎರಡರಲ್ಲಿ. ಮೊದಲ ದಿನ ಅರ್ಧ ಗಂಟೆಗೆ ಒಂಬತ್ತು ಕಾಳು. ಒಂದು ಚಿಮ್ಮಿ ಟಿವಿಗೆ ಹೊಡೆಯಿತು. “ಈ ಲೆಕ್ಕದಲ್ಲಿ ಸಾರು ಸಂಕ್ರಾಂತಿಗೆ ಆಗುತ್ತೆ” ಅಂದರು ಅಮ್ಮ. ಎರಡು ವಾರಕ್ಕೆ ಒಂದು ಬಟ್ಟಲು ತುಂಬಿತು. ಸಂಕ್ರಾಂತಿಗೂ ಮುಂಚೆಯೇ ಹಿತುಕಿದ ಬೇಳೆ ಸಾರು ಉಂಡೆವು.

ಅವರೆಕಾಳು ಹಿತುಕುವಾಗ ಆ ಬ್ಯಾಂಡಿನ ಎಲ್ಲರೂ ನೆನಪಾಗುತ್ತಿದ್ದರು. ನಾಲಗೆಯ ಕ್ಯಾನ್ಸರ್ ಗೆದ್ದು, ಮರುವರ್ಷ ಬೋಯಿಂಗ್ 747 ವಿಮಾನ ಓಡಿಸಿಕೊಂಡು ಟೂರ್ ಮಾಡಿದ ಗಾಯಕ ಬ್ರೂಸ್ ಡಿಕಿನ್ಸನ್. ವೀಲ್‌ಚೇರಿನಲ್ಲಿ ಕೂತೇ ಹಾಡುತ್ತಿದ್ದು 2024ರಲ್ಲಿ ತೀರಿಕೊಂಡ ಹಳೆಯ ಗಾಯಕ ಪಾಲ್ ಡಿಯಾನೊ. ನಿಕೋಗಿಂತ ಮುಂಚೆ ಅದೇ ಜಾಗದಲ್ಲಿ ಕೂತಿದ್ದ ಕ್ಲೈವ್ ಬರ್. ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನೋ ನರರೋಗ ಬಂದು ಕೈಕಾಲು ಸೋತ ಅವರ ನೆರವಿಗೆ ಹಳೆಯ ಗೆಳೆಯರು 2002ರಲ್ಲಿ ಲಂಡನ್ನಿನ ಬ್ರಿಕ್ಸ್‌ಟನ್‌ನಲ್ಲಿ ಮೂರು ರಾತ್ರಿ ಬಾರಿಸಿ ದುಡ್ಡು ಕೂಡಿಸಿದರು. ಕ್ಲೈವ್ 2013ರಲ್ಲಿ ಹೋದರು, 56 ವರ್ಷಕ್ಕೆ. ಇವರನ್ನೆಲ್ಲ ಹದಿನೈದನೇ ವಯಸ್ಸಿನಲ್ಲಿ ಪೋಸ್ಟರ್ ಥರ ಗೋಡೆಗೆ ಅಂಟಿಸಿಕೊಂಡಿದ್ದೆ. ಪೋಸ್ಟರಿಗೆ ವಯಸ್ಸಾಗಲ್ಲ, ಅದೇ ತೊಂದರೆ.

2024ರ ಡಿಸೆಂಬರ್ 7ರಂದು ಸಾವೊ ಪಾಲೊದಲ್ಲಿ ನಿಕೋ ಕೊನೆಯ ಸಲ ಮೇಡನ್ ಜೊತೆ ಟೂರಿನಲ್ಲಿ ಬಾರಿಸಿ ಎದ್ದರು. ಸ್ಟ್ರೋಕ್ ಆದ ಮೇಲೂ ಸುಮಾರು ಎರಡು ವರ್ಷ ಆ ಕೋಟೆಯೊಳಗೆ ಕೂತಿದ್ದರು. ನಿಕೋ ಸರ್, ನಿಮಗೆ ಕನ್ನಡ ಬರಲ್ಲ, ಇದು ನಿಮಗೆ ತಲುಪುವುದೂ ಇಲ್ಲ. ಆದರೂ ಆ ನಗುವ ಮುಖಕ್ಕೆ ಕ್ಷಮೆ ಇರಲಿ. ಬಿಟ್ಟು ಬಾರಿಸಿದ್ದಕ್ಕೆ ಥ್ಯಾಂಕ್ಸ್.

ಭಾನುವಾರದ ವಿಷಯ ಪೂರ್ತಿ ಹೇಳಿಲ್ಲ ಅಲ್ವಾ. ಭಾವನೂ ಬಂದಿದ್ದರು, ಒಂದು ಚೀಲ ತೆಂಗಿನಕಾಯಿ ಹೊತ್ತುಕೊಂಡು. ಬ್ಯಾಂಡು ಪ್ರಾಕ್ಟೀಸ್ ಮಾಡುವ ಜ್ಯಾಮ್ ರೂಮಿನ ಮೂಲೆಯಲ್ಲಿ ಕಿವಿಗೆ ಹತ್ತಿ ಇಟ್ಟುಕೊಂಡು ಕೂತರು. ಫಿಲ್ ಬರುವ ಕಡೆ ನಾನು ಸಾದಾ ಪೆಟ್ಟು ಹಾಕಿದೆ. ಎರಡನೇ ನಿಮಿಷದಲ್ಲಿ ಬಲಗೈ ಸ್ಟಿಕ್ ಜಾರಿ ಬೇಸ್ ಡ್ರಮ್ಮಿನ ಅಡಿಗೆ ಉರುಳಿತು. ಎಡಗೈ, ಕಾಲು ನಿಲ್ಲಿಸಲಿಲ್ಲ. ಗಿಟಾರಿನವರೂ ನಿಲ್ಲಿಸಲಿಲ್ಲ. ನೋಡಿದರೆ ಭಾವ ಪಂಚೆ ಎತ್ತಿ ಕಟ್ಟಿ, ಮಂಡಿಯೂರಿ, ಆ ಗದ್ದಲದೊಳಗೆ ಕೈ ಹಾಕಿ ಸ್ಟಿಕ್ ಹುಡುಕುತ್ತಿದ್ದಾರೆ. ಸಿಕ್ಕಿತು. ನನ್ನ ಬೆರಳು ಒಂದೊಂದಾಗಿ ಬಿಡಿಸಿ ಹಿಡಿಸಿದರು. ಹಾಡು ಮುಗಿದ ಮೇಲೆ ಕಿವಿಯ ಹತ್ತಿ ತೆಗೆದು ಕೇಳಿದರು:

“ಇದಕ್ಕೊಂದು ದಾರ ಕಟ್ಕೊಬಾರ್ದೇನಪ್ಪಾ?”

ನಿನ್ನೆ ಕಟ್ಟಿದ್ದೇನೆ. ಹಳೆಯ ಶೂ ಲೇಸು, ಕೆಂಪು ಬಣ್ಣದ್ದು.