ಎಣಿಸುತ್ತ ಕುಳಿತವರಿಗೆ

ನಿದ್ದೆಯಲ್ಲಿ ಮತ್ತೆ ಮತ್ತೆ ಉಸಿರು ನಿಲ್ಲುವ ಸ್ಲೀಪ್ ಏಪ್ನಿಯಾ ಎಂಬ ಕಾಯಿಲೆ ನನಗೆ. ಅದಕ್ಕಾಗಿ ಮಾಸ್ಕ್ ಕಟ್ಟಿಕೊಂಡು, ಗಂಟಲು ಮುಚ್ಚದಂತೆ ಒತ್ತಡದಲ್ಲಿ ಗಾಳಿ ಊದುವ ಸಿಪ್ಯಾಪ್ ಯಂತ್ರದೊಂದಿಗೆ ನಾನು ಮಲಗಲು ತೊಡಗಿ ನಿನ್ನೆಗೆ ಒಂದು ವರ್ಷವಾಯಿತು. ಆಸ್ಪತ್ರೆಯ ಓಡಾಟವೆಲ್ಲ ನಿಮಗೆ ಗೊತ್ತೇ ಇದೆ, ಮತ್ತೆ ಹೇಳುವುದಿಲ್ಲ. ಋಣದ ಮಾತಷ್ಟನ್ನೇ ಹೇಳುತ್ತೇನೆ.

ಮಧ್ಯಾಹ್ನದ ನನ್ನ ತರಗತಿಗಳನ್ನು ತಿಂಗಳುಗಟ್ಟಲೆ ಹಂಚಿಕೊಂಡ ಸಹೋದ್ಯೋಗಿಗಳಿಗೆ, ಶಿವಮೊಗ್ಗದಲ್ಲಿ ತಂಗಲು ಮನೆ ಕೊಟ್ಟ ನಾದಿನಿಗೆ, ತೀರ್ಥಹಳ್ಳಿಯ ಮಳೆಗೆ ಕರೆಂಟ್ ಹೋದರೂ ಯಂತ್ರ ನಿಲ್ಲದಂತೆ ಇನ್ವರ್ಟರ್ ಜೋಡಿಸಿಕೊಟ್ಟ ಮೈದುನನಿಗೆ, ದೂರದ ಕಲಬುರಗಿಯಿಂದ ದಿನವೂ ಬೆಳಿಗ್ಗೆ ಆರಕ್ಕೆ ಕರೆ ಮಾಡಿದ ಯಜಮಾನರಿಗೆ ನಾನು ಕೃತಜ್ಞಳು. ಗಾಳಿಯ ಒತ್ತಡದಿಂದಲೇ ಗಂಟಲನ್ನು ತೆರೆದಿಡಬಹುದೆಂದು 1981ರಲ್ಲಿ ಜಗತ್ತಿಗೆ ತಿಳಿಸಿದ ಆಸ್ಟ್ರೇಲಿಯಾದ ವೈದ್ಯ ಕಾಲಿನ್ ಸಲಿವನ್ ಅವರನ್ನೂ ನಾನು ರಾತ್ರಿ ದೀಪ ಆರಿಸುವಾಗ ನೆನೆಯುವುದುಂಟು.

ಇನ್ನುಳಿದದ್ದೆಲ್ಲ ನನ್ನ ಅತ್ತೆಯವರಿಗೆ.

ಯಜಮಾನರಿಗೆ ವರ್ಗವಾದ ಮೇಲೆ ಅತ್ತೆ ನನ್ನ ಕೋಣೆಯಲ್ಲಿ ಮಲಗಲು ಬಂದರು. ಆಗ ನನಗೆ ಬೆಳಿಗ್ಗೆ ಎದ್ದರೆ ತಲೆನೋವು, ರಾತ್ರಿ ಮೂರು ನಾಲ್ಕು ಬಾರಿ ಮೂತ್ರಕ್ಕೆ ಏಳುವುದು, ಎರಡು ಮಾತ್ರೆ ನುಂಗಿದರೂ ಇಳಿಯದ ರಕ್ತದೊತ್ತಡ. ಪಾಠ ಮಾಡುತ್ತ ನಿಂತಲ್ಲೇ ಕಣ್ಣು ಮುಚ್ಚಿಹೋಗುತ್ತಿತ್ತು. ಮುಟ್ಟು ನಿಲ್ಲುವ ವಯಸ್ಸು, ಹೀಗೆಲ್ಲ ಆಗುತ್ತದೆ ಎಂದೇ ಎಲ್ಲರೂ ಹೇಳಿದರು. ಈ ಕಾಯಿಲೆ ಹೆಚ್ಚಾಗುವುದೂ ಆ ವಯಸ್ಸಿನಲ್ಲೇ ಎಂದು ಯಾರೂ ಹೇಳಲಿಲ್ಲ. ಗೊರಕೆ ಗಂಡಸರದ್ದು ಎಂದುಕೊಂಡಿದ್ದೇವೆ, ಹೆಂಗಸಿನ ಆಯಾಸಕ್ಕೆ ಮನೆಗೆಲಸವನ್ನೋ ಚಿಂತೆಯನ್ನೋ ಕಾರಣ ಹೇಳಿ ಮುಗಿಸುತ್ತೇವೆ. ನಾನೂ ಹಾಗೆಯೇ ಮುಗಿಸಿಕೊಂಡಿದ್ದೆ.

ನಿದ್ದೆ ಸಾಲುತ್ತಿಲ್ಲವೆಂದು ದೂರಿಕೊಂಡಾಗ ಒಬ್ಬರು ನಿದ್ರೆ ಮಾತ್ರೆ ಬರೆದುಕೊಟ್ಟರು. ಅದನ್ನು ನುಂಗಿ ಮಲಗಿದ್ದು ಆಷಾಢದ ಒಂದು ರಾತ್ರಿ. ಹೆಂಚಿನ ಮೇಲೆ ಮಳೆ ಒಂದೇ ಸಮನೆ ಹೊಯ್ಯುತ್ತಿತ್ತಂತೆ, ಆ ಸದ್ದಿನ ನಡುವೆಯೂ ನನ್ನ ಗೊರಕೆ ನಿಂತದ್ದು ಅತ್ತೆಗೆ ಕೇಳಿಸಿತು. ನಿಂತದ್ದು ಮತ್ತೆ ಶುರುವಾಗಲಿಲ್ಲ. ಅವರು ಎದ್ದು ಲಾಟೀನು ಹಚ್ಚಿ ನೋಡಿದರೆ ಎದೆ ಏಳುತ್ತಿದೆ, ಉಸಿರು ಮಾತ್ರ ಇಲ್ಲ. ಭುಜ ಹಿಡಿದು ಅಲುಗಿಸಿದರು. ನಾನು ಏದುಸಿರು ಬಿಟ್ಟು ಮಗ್ಗುಲಾದೆ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ.

ಎಪ್ಪತ್ತೆಂಟು ವರ್ಷದ ಅವರು ಬೆಳಗಾಗುವವರೆಗೂ ಮಂಚದ ಪಕ್ಕದಲ್ಲಿ ಕುಳಿತರು. ಕೈಯಲ್ಲಿ ಜಪಮಣಿ. ಉಸಿರು ನಿಂತೊಡನೆ ಒಂದೊಂದು ಮಣಿಗೆ ಒಂದೊಂದು ರಾಮನಾಮ, ಇಪ್ಪತ್ತು ದಾಟಿದರೆ ಎಬ್ಬಿಸುವುದು. ಒಮ್ಮೆ ನನಗೆ ಎಚ್ಚರವಾಗಿದ್ದು ನೆನಪಿದೆ. "ನಿಮಗಂತೂ ನಿದ್ದೆಯಿಲ್ಲ, ನನ್ನನ್ನಾದರೂ ಮಲಗಲು ಬಿಡಿ" ಎಂದು ಕೂಗಿದೆ. ಅವರು ಏನೂ ಹೇಳಲಿಲ್ಲ. ಲಾಟೀನಿನ ಬತ್ತಿ ಇಳಿಸಿದರು, ನನ್ನ ಕಣ್ಣಿಗೆ ಬೆಳಕು ಬೀಳದಿರಲಿ ಎಂದು. ಮತ್ತೆ ಎಣಿಸತೊಡಗಿದರು.

ಅತ್ತೆ, ಆ ಮಾತಿಗೆ ನಾನು ಈವರೆಗೂ ಕ್ಷಮೆ ಕೇಳಿಲ್ಲ. ಕೇಳಲು ಹೊರಟಾಗಲೆಲ್ಲ ಗಂಟಲು ಕಟ್ಟುತ್ತದೆ. ಇಲ್ಲಿ, ಎಲ್ಲರೆದುರು ಕೇಳುತ್ತಿದ್ದೇನೆ. ಕ್ಷಮಿಸಿ.

ಮರುವಾರ ಶಿವಮೊಗ್ಗದ ವೈದ್ಯರ ಮುಂದೆ ಮಾತನಾಡಿದ್ದೂ ಅವರೇ. ಮಣಿಗಳ ಲೆಕ್ಕವನ್ನು ಆ ವೈದ್ಯರು ನಗದೆ ಬರೆದುಕೊಂಡರು, ಅವರಿಗೂ ನಮಸ್ಕಾರ. ಹತ್ತು ಸೆಕೆಂಡು ಉಸಿರು ನಿಂತರೂ ಅದು ಲೆಕ್ಕಕ್ಕೆ ಬರುತ್ತದೆ, ಗಂಟೆಗೆ ಮೂವತ್ತು ಸಲ ದಾಟಿದರೆ ತೀವ್ರ ಎಂದರು. ನಿದ್ರಾ ಪರೀಕ್ಷೆಯಲ್ಲಿ ನನ್ನದು 42 ಬಂತು. ನಿದ್ದೆಯಲ್ಲಿ ಗಂಟಲಿನ ಸ್ನಾಯು ಸಡಿಲಗೊಂಡು ದಾರಿ ಮುಚ್ಚುತ್ತದೆ, ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮಿದುಳು ಬೆಚ್ಚಿ ಎಬ್ಬಿಸುತ್ತದೆ. ಇಡೀ ರಾತ್ರಿ ಹೀಗೆ ಬೆಚ್ಚಿದ ದೇಹದಲ್ಲಿ ರಕ್ತದೊತ್ತಡ ಹೇಗೆ ಇಳಿದೀತು? ಕೆಲವು ನಿದ್ರೆ ಮಾತ್ರೆಗಳು ಸ್ನಾಯುಗಳನ್ನು ಇನ್ನಷ್ಟು ಸಡಿಲಿಸಿ, ಎಬ್ಬಿಸಬೇಕಾದ ಮಿದುಳನ್ನೂ ಮಂದಗೊಳಿಸುತ್ತವೆ ಎಂದು ಅವರು ವಿವರಿಸಿದಾಗ ಅತ್ತೆ ನನ್ನ ಕೈ ಹಿಡಿದುಕೊಂಡರು. ಆ ರಾತ್ರಿ ಎಬ್ಬಿಸುವ ಕೆಲಸ ಮಾಡಿದ್ದು ಅತ್ತೆಯ ಆ ಕೈ.

ಮಾಸ್ಕ್ ಒಗ್ಗದೆ ಮೊದಲ ವಾರ ಕಿತ್ತೆಸೆದಾಗಲೂ ಅದನ್ನು ಹುಡುಕಿ, ತೊಳೆದು, ಮತ್ತೆ ಕಟ್ಟಿದವರು ಅತ್ತೆ. ಈಗ ತಲೆನೋವಿಲ್ಲ, ಒಂದು ಮಾತ್ರೆ ಕಡಿಮೆಯಾಗಿದೆ, ಕೊನೆಯ ಪೀರಿಯಡ್‌ನಲ್ಲೂ ನಿಂತು ಪಾಠ ಮಾಡುತ್ತೇನೆ. ನಿಮ್ಮ ಮನೆಯಲ್ಲಿ ಯಾರದ್ದಾದರೂ ಗೊರಕೆ ನಡುನಡುವೆ ನಿಲ್ಲುತ್ತಿದ್ದರೆ ದಯವಿಟ್ಟು ವೈದ್ಯರಿಗೆ ತಿಳಿಸಿ. ಮಲಗಿದವರಿಗೆ ಅದು ಗೊತ್ತಾಗುವುದೇ ಇಲ್ಲ.

ಅತ್ತೆ ಈಗ ಒಂಬತ್ತೂವರೆಗೆಲ್ಲ ನಿದ್ದೆ ಹೋಗುತ್ತಾರೆ. ಜಪಮಣಿ ದಿಂಬಿನ ಕೆಳಗಿರುತ್ತದೆ. ಅವರದ್ದೂ ಸಣ್ಣ ಗೊರಕೆ ಇದೆ. ಎದ್ದು ಕುಳಿತು ಆಲಿಸಿದ್ದೇನೆ, ಒಂದಲ್ಲ, ಹಲವು ರಾತ್ರಿ. ಎಲ್ಲೂ ನಿಲ್ಲುವುದಿಲ್ಲ.